ಮೊಳೆರಾಯನ ನಡುಗೆರೆ

ಬಾಯಲ್ಲಿ ಸದಾ ಏಳೆಂಟು ಮೊಳೆ ಇಟ್ಟುಕೊಂಡಿರುತ್ತಿದ್ದುದರಿಂದ ಬೀದಿಯವರು ಅವನಿಗೆ ಮೊಳೆರಾಯ ಎಂದು ಹೆಸರಿಟ್ಟಿದ್ದರು. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಒಂದು ಕೈಯಲ್ಲಿ ಕಟ್ಟು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಹಿಂಬದಿಯ ರಟ್ಟಿಗೆ ಹೊಡೆಯುವ ಸಣ್ಣ ಮೊಳೆಗಳನ್ನು ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ತುಟಿಗಳ ನಡುವೆ ಸಿಕ್ಕಿಸಿಕೊಂಡು, ನಾಲಿಗೆಯಿಂದ ಒಂದೊಂದೇ ಮುಂದಕ್ಕೆ ತಳ್ಳಬೇಕು. ಕಸುಬು ಕಲಿಸಿದ ಸೋದರಮಾವ ಹಾಗೇ ಮಾಡುತ್ತಿದ್ದ. ಒಮ್ಮೆ ಜೋರಾಗಿ ಸೀನಿ ಎರಡು ಮೊಳೆ ನುಂಗಿ, ಆಸ್ಪತ್ರೆ ಸೇರಿ, ಎಲ್ಲರನ್ನೂ ಅಳಿಸಿ, ಮರುದಿನ ಬಂದು ಮತ್ತೆ ಬಾಯಿಗೇ ಹಾಕಿಕೊಂಡ ಮಹಾನುಭಾವ ಅವನು.

ಬಾಯಲ್ಲಿ ಮೊಳೆ ಇದ್ದವನಿಗೆ ಒಂದು ದೊಡ್ಡ ಅನುಕೂಲ ಉಂಟು. ಮಾತಾಡಬೇಕಿಲ್ಲ. ಗಿರಾಕಿ ಹೊಗಳಿದರೂ ಹ್ಞೂಂ, ರೇಗಿದರೂ ಹ್ಞೂಂ. ಪಕ್ಕದ ಅಂಗಡಿಯ ಟೈಲರ್ ಇಡೀ ದಿನ ಲೋಕದ ಸುದ್ದಿಯನ್ನೆಲ್ಲ ಕೊರೆದರೂ ಹ್ಞೂಂ. ಜನ ಅವನನ್ನು ಸಾಧು ಮನುಷ್ಯ ಅಂದರು, ತಾಳ್ಮೆಯ ಮೂರ್ತಿ ಅಂದರು. ಮಣ್ಣಾಂಗಟ್ಟಿ ತಾಳ್ಮೆ! ಬಾಯಿ ತುಂಬ ಕಬ್ಬಿಣ ಇಟ್ಟುಕೊಂಡವನು ತಾಳ್ಮೆಯಿಂದ ಇರದೆ ಇನ್ನೇನು ಮಾಡಿಯಾನು? ಅವನಿಗೂ ಆ ಹೊಗಳಿಕೆ ಹಿತವಾಗಿಯೇ ಇತ್ತು. ಐವತ್ತೈದು ವರ್ಷದವರೆಗೆ ಯಾರ ಜೊತೆಗೂ ಜಗಳ ಆಡದವನು ಎಂಬ ಹೆಸರನ್ನು ಅವನು ಗಾಜಿನ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದ.

ಅಂಗಡಿ ಎಂಟಡಿ ಅಗಲ. ಎಡಗೋಡೆಯ ತುಂಬ ದೇವರು, ಬಲಗೋಡೆಯ ತುಂಬ ಕನ್ನಡಿ. ದೇವರುಗಳಲ್ಲಿ ಹೆಚ್ಚಿನವರು ಜೋಡಿಗಳೇ. ಶಿವ ಪಾರ್ವತಿ, ರಾಮ ಸೀತೆ, ಕೃಷ್ಣ ರುಕ್ಮಿಣಿ, ಲಕ್ಷ್ಮೀನಾರಾಯಣ. ಒಂಟಿ ಚಿತ್ರಕ್ಕೆ ಅಳತೆ ಹಿಡಿಯುವುದು ಸುಲಭ. ಮೂಗಿನ ನೇರಕ್ಕೆ ಪೆನ್ಸಿಲ್ ಗೆರೆ ಎಳೆದು ಎರಡೂ ಕಡೆ ಸಮ ಬಿಟ್ಟರಾಯಿತು. ಜೋಡಿ ಚಿತ್ರದಲ್ಲಿಯೂ ಬಹಳ ಅಂಗಡಿಯವರು ಗೆರೆಯನ್ನು ದೇವರ ಮೂಗಿನ ಮೇಲೇ ಎಳೆಯುತ್ತಾರೆ. ಅವನು ದೊಡ್ಡವನು, ಕಿರೀಟ ಎತ್ತರ, ಅದಕ್ಕೆ. ಆಗ ಚಿತ್ರದ ಸುತ್ತ ಕೂರಿಸುವ, ನಡುವೆ ಕಿಟಕಿ ಕೊರೆದ ರಟ್ಟಿನ ಕೆಳಗೆ ಅಮ್ಮನವರ ಮೊಣಕೈಯೋ, ಭುಜವೋ, ಕೆಲವೊಮ್ಮೆ ಅರ್ಧ ಮುಖವೋ ಹೋಗಿಬಿಡುತ್ತದೆ. ಸೋದರಮಾವ ಇದನ್ನು ಕಂಡರೆ ಕೆಂಡವಾಗುತ್ತಿದ್ದ. ಜೋಡಿಯ ನಡುಗೆರೆ ಇಬ್ಬರ ಮಧ್ಯೆ ಬರಬೇಕು, ಒಬ್ಬರ ಮೇಲೆ ಅಲ್ಲ ಎನ್ನುವುದು ಅವನ ಕಟ್ಟಪ್ಪಣೆ. ಕಟ್ಟು ದೊಡ್ಡದಾದರೆ ಆಗಲಿ, ಗಾಜು ಹೆಚ್ಚಿಗೆ ಹೋದರೆ ಹೋಗಲಿ. ಮೊಳೆರಾಯ ಆ ಮಾತನ್ನು ಒಂದು ದಿನವೂ ಮೀರಿರಲಿಲ್ಲ.

ಒಂದೇ ಒಂದು ಸಲ ಅಕ್ಕಿಕಾಳಿನಷ್ಟು ತಪ್ಪಿದ್ದ. ಆಗಿನ್ನೂ ಮಾವ ಬದುಕಿದ್ದ ಕಾಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿ ಶಿವಪಾರ್ವತಿಯರ ಚಿತ್ರವೊಂದನ್ನು ಕಟ್ಟು ಹಾಕಿಸಲು ಕೊಟ್ಟಿದ್ದಳು. ವಾಪಸು ತೆಗೆದುಕೊಳ್ಳಲು ಬಂದಾಗ ಅದನ್ನು ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ನಿಮ್ಮ ಗೆರೆ ಶಿವನ ಕಡೆ ವಾಲಿದೆ ಕಣ್ರೀ" ಅಂದಳು. ಅಳೆದು ನೋಡಿದರೆ ನಿಜ. ಮೊಳೆರಾಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹದಿನಾರೂ ಮೊಳೆ ಕಿತ್ತು ಮತ್ತೆ ಕೂರಿಸಿಕೊಟ್ಟ. ಅವಳು ಆಮೇಲೆ ಗೆರೆ ನೋಡುವ ನೆಪ ಮಾಡಿಕೊಂಡು ಮೂರು ತಿಂಗಳು ಬಂದಳು. ಮೂರು ತಿಂಗಳು ಇವನು ಹ್ಞೂಂ ಅಂದ. ಕೊನೆಗೆ ಅವಳೇ ಕೌಂಟರಿನ ಮೇಲೆ ಎರಡೂ ಕೈ ಊರಿ, "ಮದುವೆ ಆಗ್ತೀರಾ, ಇಲ್ವಾ? ಹ್ಞೂಂ ಅನ್ನಬೇಡಿ, ಬಾಯಿ ಬಿಟ್ಟು ಹೇಳಿ" ಎಂದು ಕೇಳಿದಳು. ಇವನು ಮೊಳೆಗಳನ್ನು ಅಂಗೈಗೆ ಉಗಿದು "ಆಗ್ತೀನಿ" ಅಂದ. ಹೆಣ್ಣು ತಾನಾಗಿ ಕೇಳಬಹುದಾ ಎಂದು ಟೈಲರ್ ಮೂಗು ಮುರಿದಾಗ ಅವಳು ಗೋಡೆಯ ಮೇಲಿನ ಪಾರ್ವತಿಯ ಕಡೆ ಕೈ ತೋರಿಸಿದ್ದಳು. "ಅಲ್ಲಿ ನೋಡಿ, ಆ ತಾಯಿನ ಯಾರು ಕೇಳಿಕೊಂಡು ಬಂದರು? ತಾನೇ ಇಷ್ಟಪಟ್ಟಳು, ತಾನೇ ಹಟ ಹಿಡಿದಳು, ಕಣ್ಣು ಮುಚ್ಚಿ ಕೂತಿದ್ದೋನನ್ನ ಎಬ್ಬಿಸಿದಳು. ನಂದೂ ಅದೇ ಕಥೆ. ನನ್ನವನ ಬಾಯಲ್ಲಿ ಮೊಳೆ, ಅಷ್ಟೇ ವ್ಯತ್ಯಾಸ."

ಅವಳ ಬಾಯಿ ಅಂಥದ್ದು. ದೇವರ ಜೋಡಿಗಳ ಕಥೆಗಳನ್ನು ಅವಳು ಪಕ್ಕದ ಮನೆಯ ಗಂಡ ಹೆಂಡಿರ ಸಮಾಚಾರದ ಹಾಗೆ ಹೇಳುತ್ತಿದ್ದಳು. ಯಾರು ಸರಿ, ಯಾರು ತಪ್ಪು ಎಂದು ನ್ಯಾಯವನ್ನೂ ತೀರಿಸುತ್ತಿದ್ದಳು. ಅಗಸನೊಬ್ಬನ ಮಾತು ಕೇಳಿ ಸೀತೆಯನ್ನು ಕಾಡಿಗೆ ಕಳಿಸಿದ ರಾಮನ ಬಗ್ಗೆ ಅವಳಿಗೆ ಭಕ್ತಿಯೂ ಇತ್ತು, ಸಿಟ್ಟೂ ಇತ್ತು. "ದೊಡ್ಡ ದೇವರೇ, ಕೈ ಮುಗೀತೀನಿ. ಆದರೆ ಇಪ್ಪತ್ತು ವರ್ಷದಿಂದ ಊರ ಬಟ್ಟೆ ಒಗೀತಿರೋಳು ನಾನು, ನಾನೇ ಹೇಳ್ತೀನಿ ಕೇಳಿ, ಬಟ್ಟೆ ಒಗೆಯೋರ ಮಾತು ಕೇಳಿ ಯಾರೂ ಹೆಂಡತಿ ಬಿಡಬಾರದು" ಎಂದು ನಗುತ್ತಿದ್ದಳು. ಅವಳ ಮಟ್ಟಿಗೆ ಪ್ರೀತಿಗೆ ಒಂದೇ ಪರೀಕ್ಷೆ. ಎದುರಿಗಿರುವವರು ನಿನ್ನವರನ್ನು ಆಡಿಕೊಂಡಾಗ ನೀನು ಏನು ಮಾಡಿದೆ? ತಪಸ್ಸಿಗೆ ಕೂತ ಪಾರ್ವತಿಯ ಹತ್ತಿರ ಒಬ್ಬ ವಟು ಬಂದು, ಆ ಶಿವನಿಗೆ ಮನೆ ಇಲ್ಲ, ಮಠ ಇಲ್ಲ, ಮೈಗೆ ಬೂದಿ, ಕೊರಳಿಗೆ ಹಾವು, ಅವನನ್ನು ಯಾಕೆ ಕಟ್ಟಿಕೊಳ್ಳುತ್ತೀಯಾ ಎಂದನಂತೆ. ಬೈದವನಿಗಷ್ಟೇ ಅಲ್ಲ, ಕೇಳಿಸಿಕೊಂಡವರಿಗೂ ಪಾಪ ಎಂದು ಅವಳು ಎದ್ದೇ ಹೋದಳಂತೆ. ಬೈದವನು ವೇಷ ಹಾಕಿದ ಶಿವನೇ ಆಗಿದ್ದ. "ಹಾಗಿರಬೇಕು ಹೆಂಡ್ತಿ. ಹಾಗಿರಬೇಕು ಗಂಡನೂ" ಎಂದು ಮಾತು ಮುಗಿಸುವಾಗ ಅವಳು ಗಂಡನ ಕಡೆ ಒಂದು ನೋಟ ಬೀರುತ್ತಿದ್ದಳು. ಮೊಳೆರಾಯ ಹ್ಞೂಂ ಅನ್ನುತ್ತಿದ್ದ.

ಮಗಳಿಗೆ ಹದಿನಾಲ್ಕು ವರ್ಷವಿದ್ದಾಗ ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿ ಆವಿಯ ಕೊಳವೆ ಒಡೆಯಿತು. ಹೆಂಡತಿಯ ಎಡಗೆನ್ನೆ, ಕಿವಿ, ಕತ್ತು ಬೆಂದುಹೋದವು. ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದಳು. ಅವಳು ಮನೆಗೆ ಬರುವ ಹಿಂದಿನ ದಿನ ಮೊಳೆರಾಯ ಮನೆಯ ಕನ್ನಡಿ ತೆಗೆದಿಟ್ಟ. ಅಂಗಡಿಯ ಬಲಗೋಡೆಯ ಕನ್ನಡಿಗಳನ್ನೆಲ್ಲ ಮುಖ ತಿರುಗಿಸಿ ನಿಲ್ಲಿಸಿದ. ತಾನು ಬಹಳ ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದ, ಪಾಪ. ವಾರದ ನಂತರ ಅವಳು ಅಂಗಡಿಗೆ ಬಂದಳು. ಮುಖ ತಿರುಗಿಸಿ ನಿಂತ ನಲವತ್ತು ಕನ್ನಡಿಗಳನ್ನು ನೋಡಿದಳು. ಒಂದೊಂದನ್ನೇ ಎತ್ತಿ ನೇರ ಮಾಡಿದಳು, ಒಂದೊಂದರಲ್ಲೂ ಮುಖ ನೋಡಿಕೊಂಡಳು. ಕೊನೆಯದನ್ನು ನೇರ ಮಾಡಿದ ಮೇಲೆ, "ಇನ್ನು ಮೇಲೆ ಹೀಗೆ ಮಾಡಬೇಡಿ. ನಾಚಿಕೆ ಪಡಬೇಕಾದ್ದು ಆ ಕೊಳವೆ, ನಾನಲ್ಲ" ಅಂದಳು. ತಿಂಗಳೊಳಗೆ ಕೆಲಸಕ್ಕೂ ಹೋದಳು.

ಮಗಳು ಬೆಳೆದಳು. ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಎದುರಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗನನ್ನು ಮೆಚ್ಚಿದಳು. ಹುಡುಗ ಬಂದು ಇಬ್ಬರ ಕಾಲಿಗೂ ಬಿದ್ದ, ಅತ್ತೆಯ ಕಣ್ಣು ಪರೀಕ್ಷಿಸಿ ಕನ್ನಡಕವನ್ನೂ ಮಾಡಿಕೊಟ್ಟ. ಒಳ್ಳೆಯವನೇ. ಆದರೆ ಅಮ್ಮನ ಮುಂದೆ ನಾಲಿಗೆ ಒಣಗುವ ಜಾತಿ. ಆ ಅಮ್ಮ, ಅಂದರೆ ಮೊಳೆರಾಯನ ಬೀಗಿತ್ತಿ, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವಳು. ಮಾತು ಜೇನು, ನಿರ್ಧಾರ ಕಬ್ಬಿಣ. ಮದುವೆ ಕಚೇರಿಯಲ್ಲಿ ರಿಜಿಸ್ಟರ್ ಆಗುವುದು, ಆಮೇಲೆ ಒಂದು ಸಭಾಂಗಣದಲ್ಲಿ ವೇದಿಕೆ, ವೇದಿಕೆಯ ಮೇಲೆ ವಧೂವರರ ಪಕ್ಕ ಎರಡೂ ಕಡೆಯ ತಂದೆತಾಯಿಗೆ ಕುರ್ಚಿ, ಫೋಟೋ, ಊಟ ಎಂದು ತೀರ್ಮಾನವಾಗಿತ್ತು.

ಮದುವೆಗೆ ಹದಿನೆಂಟು ದಿನ ಇರುವಾಗ ಬೀಗಿತ್ತಿ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ಹಳೆಯ ಚಿತ್ರ. ಅವಳ ಅತ್ತೆ, ಆ ಮನೆಯ ಅಜ್ಜಿ, ಅರವತ್ತು ವರ್ಷದಿಂದ ಪೂಜಿಸಿಕೊಂಡು ಬಂದದ್ದು. ಲಕ್ಷ್ಮಿಯೂ ನಾರಾಯಣನೂ ಅಕ್ಕಪಕ್ಕ ನಿಂತ ಚಿತ್ರ. ಹಳೆಯ ಕಟ್ಟು ಹುಳು ತಿಂದು ಪುಡಿಯಾಗಿತ್ತು. ಮದುವೆಗೆ ಮುಂಚೆ ಹೊಸದು ಹಾಕಿ ಮನೆಯ ನಡುಗೋಡೆಗೆ ತೂಗುಹಾಕಬೇಕು ಅಂದಳು. ಮೊಳೆರಾಯ ಬೇರೊಂದು ಕೆಲಸದ ಮಧ್ಯೆ ಇದ್ದ. ಬಾಯಲ್ಲಿ ಏಳು ಮೊಳೆ. ತಲೆಯಾಡಿಸಿ ಸ್ಟೂಲು ತೋರಿಸಿದ.

ಬೀಗಿತ್ತಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ದನಿ ತಗ್ಗಿಸಿ ಶುರು ಮಾಡಿದಳು. "ಬೀಗರೇ, ನೀವು ತಿಳಿದೋರು. ತಪ್ಪು ತಿಳ್ಕೋಬೇಡಿ. ವೇದಿಕೆ ಮೇಲೆ ನಿಮ್ಮ ಪಕ್ಕದ ಕುರ್ಚಿಲಿ ನಿಮ್ಮ ಅಕ್ಕನವರು ಕೂತರೆ ಹೇಗೆ? ನಿಮ್ಮ ಮನೆಯವರಿಗೆ ಊಟದ ಕಡೆ ಜವಾಬ್ದಾರಿ ಕೊಡೋಣ. ಅವರಿಗೂ ಮುಜುಗರ ತಪ್ಪುತ್ತೆ. ಶುಭಕಾರ್ಯ ನೋಡಿ, ಫೋಟೋ ಮೊಮ್ಮಕ್ಕಳ ಕಾಲದವರೆಗೆ ಉಳಿಯುತ್ತೆ. ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಏನಂತೀರಾ?"

ಮೊಳೆರಾಯನ ಸುತ್ತಿಗೆ ಕೈಯಲ್ಲೇ ನಿಂತಿತು. ಏನೇನೋ ಹೇಳಬೇಕು ಅನ್ನಿಸಿತು. ಮಗಳ ಮದುವೆ, ಹದಿನೆಂಟು ದಿನ, ಇಷ್ಟು ವರ್ಷ ಯಾರ ಜೊತೆಗೂ ಕೆಡಿಸಿಕೊಳ್ಳದ ಹೆಸರು, ಎಲ್ಲ ಒಟ್ಟಿಗೆ ತಲೆಗೆ ನುಗ್ಗಿದವು. ಅವನು ತಲೆ ತಗ್ಗಿಸಿ "ಹ್ಞೂಂ" ಅಂದ. ಅದು ಎಂದಿನ ಹ್ಞೂಂ ಅಲ್ಲ, ಒಪ್ಪಿಗೆಯ ಹ್ಞೂಂ. ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು. "ನನಗೆ ಗೊತ್ತಿತ್ತು, ನೀವು ದೊಡ್ಡ ಮನಸ್ಸಿನೋರು" ಎಂದು ಬೀಗಿತ್ತಿ ಎದ್ದಳು. ಎದ್ದು ತಿರುಗಿದರೆ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಮೊಳೆರಾಯನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬೀಗಿತ್ತಿ ಒಂದು ನಗು ನಕ್ಕು, ಪಕ್ಕಕ್ಕೆ ಸರಿದು ಹೊರಟುಹೋದಳು.

ಹೆಂಡತಿ ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಬೀಗಿತ್ತಿ ಬಿಟ್ಟುಹೋದ ಚಿತ್ರವನ್ನು ಕೈಗೆತ್ತಿಕೊಂಡಳು.

"ಇವರ ಕಥೆ ಹೇಳಿದೀನಾ ನಿಮಗೆ?"

ಮೊಳೆರಾಯ ಮೊಳೆಗಳನ್ನು ತೆಗೆದು ಮೇಜಿನ ಮೇಲಿಟ್ಟ. ತಡವಾಗಿತ್ತು.

"ಒಬ್ಬ ಋಷಿ ಬಂದ. ಮಲಗಿದ್ದ ವಿಷ್ಣುವಿನ ಎದೆಗೆ ಝಾಡಿಸಿ ಒದ್ದ. ವಿಷ್ಣು ಏನು ಮಾಡಿದ? ಎದ್ದು ಕೂತು, ಅಯ್ಯೋ ಸ್ವಾಮಿ, ನಿಮ್ಮ ಕಾಲಿಗೆ ನೋವಾಯ್ತಾ ಅಂತ ಅವನ ಪಾದ ಒತ್ತಿದ. ಎಂಥ ತಾಳ್ಮೆ ಅಂತ ಮೂರು ಲೋಕ ಹೊಗಳ್ತು. ಆದರೆ ಆ ಎದೆ ಯಾರದು? ಅದು ಲಕ್ಷ್ಮಿ ಇರೋ ಜಾಗ. ಒದೆ ಬಿದ್ದದ್ದು ಅವಳಿಗೆ. ಅವನು ತನ್ನ ಎದೆ ಅಂದ್ಕೊಂಡು ಕ್ಷಮಿಸಿಬಿಟ್ಟ. ಕ್ಷಮಿಸೋಕೆ ಇವನ್ಯಾರು?" ಅವಳು ಚಿತ್ರವನ್ನು ಮೇಜಿನ ಮೇಲಿಟ್ಟಳು. "ನನಗಾದ ಅವಮಾನಕ್ಕೆ ನೀವು ಹ್ಞೂಂ ಅಂದಿರಲ್ಲ."

"ಬಾಯಲ್ಲಿ ಮೊಳೆ ಇತ್ತು ಕಣೆ" ಅಂದ ಮೊಳೆರಾಯ. ಹೇಳುವಾಗಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಮದುವೆ ಆಗ್ತೀನಿ ಅನ್ನೋಕೆ ಉಗಿದಿರಿ. ಇವತ್ತು ಉಗಿಯೋಕಾಗ್ಲಿಲ್ವಾ?"

ಅವಳು ಸಂಜೆಯೊಳಗೆ ಎರಡು ಜೊತೆ ಬಟ್ಟೆ, ಹೊಸ ಕನ್ನಡಕ, ಕೆಲಸದ ಗುರುತಿನ ಚೀಟಿ ಚೀಲಕ್ಕೆ ಹಾಕಿಕೊಂಡು ನಾಲ್ಕು ಬೀದಿ ಆಚೆಯ ತಂಗಿಯ ಮನೆಗೆ ಹೊರಟಳು. "ಲಕ್ಷ್ಮಿನೂ ಇದನ್ನೇ ಮಾಡಿದ್ದು. ಜಗಳ ಆಡಲಿಲ್ಲ, ಎದ್ದು ಹೋದಳು. ನಾನು ಮದುವೆಗೆ ಬರಲ್ಲ ಅಂತ ಹೇಳ್ತಿಲ್ಲ. ನನ್ನ ಕುರ್ಚಿಗೆ ಬರ್ತೀನಿ. ಊಟದ ಮನೆಗೆ ಬರಲ್ಲ. ಕುರ್ಚಿ ಇಲ್ಲ ಅಂದ್ರೆ ನಾನೂ ಇಲ್ಲ" ಅಂದಳು. ಬಾಗಿಲಲ್ಲಿ ನಿಂತಿದ್ದ ಮಗಳು "ಅಮ್ಮಾ" ಎಂದು ಕೈ ಹಿಡಿದಳು. ಅವಳು ಮಗಳ ಮುಖವನ್ನು ಎರಡು ಗಳಿಗೆ ನೋಡಿ, "ನಿಂಗೆ ಮೊದಲೇ ಗೊತ್ತಿತ್ತು ಅಲ್ವಾ?" ಎಂದು ಕೇಳಿದಳು. ಮಗಳು ತಲೆ ತಗ್ಗಿಸಿದಳು. ಅವಳು ಕೈ ಬಿಡಿಸಿಕೊಂಡು ಮೆಟ್ಟಿಲಿಳಿದಳು.

ಮಗಳಿಗೆ ಗೊತ್ತಿತ್ತು. ಬೀಗಿತ್ತಿ ಮೊದಲು ಅವಳ ಕಿವಿಗೇ ಹಾಕಿದ್ದಳು. "ಒಂದು ಗಂಟೆ ವಿಷ್ಯ ಅಪ್ಪ. ಅಮ್ಮನೇ ಬೇಡ ಅಂತಾರೇನೋ ಅಂದ್ಕೊಂಡೆ. ಅವನೂ ಅವರಮ್ಮನ ಮುಂದೆ ಏನೂ ಮಾತಾಡಲಿಲ್ಲ" ಎಂದು ಬಿಕ್ಕಿದಳು. ಮೊಳೆರಾಯನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹೇಗೆ ಬಂದೀತು? ಅಪ್ಪ, ಮಗಳು, ಅಳಿಯ, ಮೂವರ ಬಾಯಲ್ಲೂ ಮೊಳೆ. ಬಾಯಿ ಖಾಲಿ ಇದ್ದವಳು ಒಬ್ಬಳೇ, ಅವಳೇ ಮನೆ ಬಿಟ್ಟು ಹೋಗಿದ್ದಳು.

ಐದು ದಿನ ಅವನು ಅಂಗಡಿಯಲ್ಲಿ ಸುಮ್ಮನೆ ಕೂತ. ಟೈಲರ್ ಬಂದು, "ಹೆಂಗಸರ ಕೋಪ, ಇಳಿಯುತ್ತೆ ಬಿಡಪ್ಪ. ಮದುವೆ ಮುಗೀಲಿ" ಎಂದು ಸಮಾಧಾನ ಹೇಳಿದ. ಮೊಳೆರಾಯ ಎಡಗೋಡೆ ನೋಡುತ್ತಿದ್ದ. ಅಲ್ಲಿ ಅರ್ಧನಾರೀಶ್ವರನ ಚಿತ್ರವೂ ಒಂದಿತ್ತು. ಅದಕ್ಕೆ ನಡುಗೆರೆ ಎಳೆಯುವುದು ಎಲ್ಲಕ್ಕಿಂತ ಸುಲಭ; ಚಿತ್ರದಲ್ಲೇ ಗೆರೆ ಇದೆ. ಒಂದು ಕಡೆ ಮುಚ್ಚಿದರೆ ಅಲ್ಲಿ ಅರ್ಧ ದೇವರೂ ಉಳಿಯುವುದಿಲ್ಲ, ಸೀಳಿದ ಮುಖ ಉಳಿಯುತ್ತದೆ. ಮೂವತ್ತು ವರ್ಷ ದೇವರುಗಳ ಹೆಂಡಿರ ಮೊಣಕೈ ಸಹ ಮುಚ್ಚಿಹೋಗದಂತೆ ಕಾಪಾಡಿದೆ, ನನ್ನ ಹೆಂಡತಿಯ ಇಡೀ ಮುಖ ಮುಚ್ಚಲು ಒಪ್ಪಿಕೊಂಡೆನಲ್ಲ, ಥೂ ನನ್ನ ಜನ್ಮಕ್ಕೆ ಅಂದುಕೊಂಡ. ಹೆಂಡತಿ ಹೇಳಿದ ಕಥೆಯ ಉಳಿದ ಭಾಗ ಆಗ ನೆನಪಾಯಿತು. ಲಕ್ಷ್ಮಿ ಹೋದ ಮೇಲೆ ನಾರಾಯಣ ವೈಕುಂಠದಲ್ಲಿ ಆರಾಮಾಗಿ ಮಲಗಿರಲಿಲ್ಲ. ಎಲ್ಲ ಬಿಟ್ಟು ಅವಳನ್ನು ಹುಡುಕಿಕೊಂಡು ಹೊರಟಿದ್ದ.

ಮೊಳೆರಾಯ ಎದ್ದು, ಲಕ್ಷ್ಮೀನಾರಾಯಣರ ಚಿತ್ರವನ್ನು ಮೇಜಿನ ಮೇಲೆ ಹಾಸಿ, ಬಿಳಿ ರಟ್ಟು ಎರಡು ತೆಗೆದ. ಮೊದಲನೆಯದಕ್ಕೆ ಎಂದಿನಂತೆ ಕಿಟಕಿ ಕೊರೆದ. ಎರಡನೆಯದರ ಮೇಲೆ ಬದುಕಿನಲ್ಲಿ ಮೊದಲ ಸಲ ಜೋಡಿ ಚಿತ್ರದ ಗೆರೆಯನ್ನು ದೇವರ ಮೂಗಿನ ನೇರಕ್ಕೆ ಎಳೆದ. "ತಾಯಿ, ಸ್ವಲ್ಪ ದಿನದ ಮಟ್ಟಿಗೆ ಹೊಟ್ಟೆಗೆ ಹಾಕ್ಕೋ" ಎಂದು ಹೇಳಿಕೊಂಡು ಕಿರಿದಾದ ಕಿಟಕಿ ಕೊರೆದ. ಮಾವ ಬದುಕಿದ್ದರೆ ಬೆನ್ನು ಮುರಿಯುತ್ತಿದ್ದ.

ಭಾನುವಾರ ಮಧ್ಯಾಹ್ನ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಸ್ಟೂಲು ಹಿಡಿಯಲು ಮಗಳನ್ನು ಕರೆದುಕೊಂಡು ಬೀಗರ ಮನೆಗೆ ಹೋದ. ನೆಂಟರು ಹತ್ತು ಹನ್ನೆರಡು ಜನ ಸೇರಿದ್ದರು. ಮೂಲೆಯ ಮಂಚದ ಮೇಲೆ ಅಜ್ಜಿ, ಪಕ್ಕದಲ್ಲಿ ಅಳಿಯ. ಬೀಗಿತ್ತಿ ಕಾಫಿ ತರಿಸಿದಳು. ಮೊಳೆರಾಯ ಕಾಫಿ ಮುಟ್ಟದೆ ಸ್ಟೂಲು ಹತ್ತಿದ. ಅಭ್ಯಾಸಬಲದಿಂದ ಏಳು ಸಣ್ಣ ಮೊಳೆಗಳು ಬಾಯಿಗೇ ಹೋದವು. ಗೋಡೆಗೆ ದೊಡ್ಡ ಮೊಳೆ ಬಡಿದು ಚಿತ್ರ ತೂಗುಹಾಕಿ ಬಟ್ಟೆ ಸರಿಸಿದ.

ಅಷ್ಟರಲ್ಲಿ ಹಿಂದಿನಿಂದ ಬೀಗಿತ್ತಿ ಯಾರಿಗೋ ಹೇಳುತ್ತಿದ್ದಳು. "ತಾಯಿ ಜಾಗದಲ್ಲಿ ಹುಡುಗಿಯ ಸೋದರತ್ತೆ ಕೂತ್ಕೋತಾರೆ. ಬೀಗರೂ ಒಪ್ಪಿದಾರೆ."

"ನನ್ನ ಅಮ್ಮನವರು ಎಲ್ಲೋ?" ಮಂಚದಿಂದ ಅಜ್ಜಿಯ ದನಿ ಕೇಳಿತು.

ಎಲ್ಲರೂ ಗೋಡೆ ನೋಡಿದರು. ಹೊಳೆಯುವ ಹೊಸ ಕಟ್ಟಿನೊಳಗೆ, ಅಗಲವಾದ ಬಿಳಿ ರಟ್ಟಿನ ನಡುವೆ ನಾರಾಯಣ ಒಬ್ಬನೇ ನಿಂತಿದ್ದ. ಅವನ ಭುಜದ ಬಳಿ, ಕಿಟಕಿಯ ಅಂಚಿನಲ್ಲಿ ಕಮಲದ ಒಂದು ಎಸಳು ಮಾತ್ರ ಕಾಣುತ್ತಿತ್ತು.

"ಇದೇನಿದು ಬೀಗರೇ! ಲಕ್ಷ್ಮಿ ಎಲ್ಲಿ? ಮದುವೆ ಮನೆಯಲ್ಲಿ ಇದೆಂಥ ಅಪಶಕುನ!" ಬೀಗಿತ್ತಿಯ ಜೇನು ಮಾತು ಒಂದೇ ಕ್ಷಣಕ್ಕೆ ಮಾಯವಾಗಿತ್ತು.

ಮೊಳೆರಾಯ ಸ್ಟೂಲಿನ ಮೇಲೇ ತಿರುಗಿ ನಿಂತ. ಥೂ ಎಂದು ಉಗಿದ. ಏಳೂ ಮೊಳೆ ಆ ಹೊಳೆಯುವ ನೆಲದ ಮೇಲೆ ಟಣಟಣ ಎಂದು ಬಿದ್ದು ಹರಡಿದವು. ನೆಂಟರು ಕಾಲು ಮೇಲೆತ್ತಿಕೊಂಡರು.

"ಲಕ್ಷ್ಮಿ ರಟ್ಟಿನ ಕೆಳಗಿದ್ದಾಳೆ" ಅಂದ. "ನೀವು ಹೇಳಿದ ಹಾಗೇ ಮಾಡಿದೀನಿ. ಶುಭಕಾರ್ಯಕ್ಕೆ ಗಂಡ ಒಬ್ಬ ಕಂಡರೆ ಸಾಕು, ಹೆಂಡತಿ ಮರೇಲಿರಲಿ ಅಂತ ಹೇಳಿದ್ದು ನೀವೇ ಅಲ್ವಾ? ದೇವರ ಹೆಂಡತಿಗೆ ಒಂದು ನ್ಯಾಯ, ನನ್ನ ಹೆಂಡತಿಗೆ ಒಂದು ನ್ಯಾಯನಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ? ಅವರ ಮುಖ..."

"ಅವಳ ಮುಖ ದುಡಿಯೋ ಜಾಗದಲ್ಲಿ ಸುಟ್ಟಿದ್ದು. ಆ ಮುಖ ಇಟ್ಟುಕೊಂಡು ಹನ್ನೆರಡು ವರ್ಷ ದುಡಿದು ಮಗಳನ್ನ ಓದಿಸಿದಾಳೆ. ನಿಮ್ಮ ಸೊಸೆ ಆಗೋಳು ಆ ಮುಖ ನೋಡ್ಕೊಂಡೇ ಬೆಳೆದೋಳು. ನನಗೆ ಆ ಮುಖ ಬಿಟ್ಟು ಬೇರೆ ಮುಖ ಗೊತ್ತಿಲ್ಲ." ಮೊಳೆರಾಯನ ದನಿ ಅಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ಮೊಳೆರಾಯನಿಗೇ ಗೊತ್ತಿರಲಿಲ್ಲ. "ಆವತ್ತು ಅಂಗಡಿಲಿ ನಾನು ಹ್ಞೂಂ ಅಂದೆ. ಅದು ನನ್ನ ತಪ್ಪು, ಹೇಡಿತನ. ಆ ಹ್ಞೂಂ ವಾಪಸು ತಗೋತಾ ಇದೀನಿ. ಕುರ್ಚಿ ಅವಳದ್ದು. ಅವಳು ಕೂರದಿದ್ದರೆ ನಾನೂ ಕೂರಲ್ಲ, ನಮ್ಮಕ್ಕನೂ ಕೂರಲ್ಲ. ಮಕ್ಕಳು ದೊಡ್ಡೋರು, ಇಷ್ಟ ಇದ್ದರೆ ಮದುವೆ ಆಗಲಿ. ನಾವಿಬ್ಬರೂ ಸಭಾಂಗಣದ ಗೇಟಿನ ಹೊರಗೆ ನಿಂತು ಅಕ್ಷತೆ ಹಾಕಿ ಹೋಗ್ತೀವಿ. ಸರಿಯಾದ ರಟ್ಟು ನನ್ನ ಚೀಲದಲ್ಲಿದೆ. ನನ್ನ ಹೆಂಡತಿ ಆ ಕುರ್ಚಿ ಮೇಲೆ ಕೂತ ಮಾರನೇ ದಿನ ಬಂದು ನಿಮ್ಮ ಲಕ್ಷ್ಮೀನ ಹೊರಗೆ ತರ್ತೀನಿ."

ಮಗಳು ಸ್ಟೂಲು ಬಿಟ್ಟು ನೆಲಕ್ಕೆ ಕೂತಳು. ಮೊಳೆಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡಳು. ಎದ್ದು ಅಳಿಯನ ಮುಂದೆ ನಿಂತು, "ನಮ್ಮಪ್ಪ ಉಗಿದಾಯ್ತು. ನಾನೂ ಹೇಳ್ತಿದೀನಿ, ನಮ್ಮಮ್ಮನ ಜಾಗದಲ್ಲಿ ಯಾರೂ ಕೂರಲ್ಲ. ಇನ್ನು ನಿಂದು" ಅಂದಳು.

ಅಳಿಯ ಅಮ್ಮನ ಕಡೆ ನೋಡಿದ, ಗೋಡೆಯ ಕಡೆ ನೋಡಿದ. "ಅಮ್ಮ, ಕುರ್ಚಿ ಅವರದೇ. ನಾನು ಮೊದಲೇ ಹೇಳಬೇಕಿತ್ತು." ಸಣ್ಣ ದನಿಯಲ್ಲೇ ಹೇಳಿದ, ಆದರೆ ಹೇಳಿದ.

ಬೀಗಿತ್ತಿಯ ಮುಖ ಕಪ್ಪಿಟ್ಟಿತು. "ನನ್ನ ಮನೇಲಿ ನನಗೇ ಪಾಠ!" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜಿ ಮಾತ್ರ ಮಂಚದ ಮೇಲೆ ಕೂತಲ್ಲೇ ಕಿಸಕ್ಕನೆ ನಕ್ಕಳು. "ಹೋಗಪ್ಪ, ನಿನ್ನ ಹೆಂಡ್ತಿನ ಕರ್ಕೊಂಡು ಬಾ. ಅಲ್ಲೀವರೆಗೆ ಈ ಮಹರಾಯ ಒಬ್ಬನೇ ನಿಂತಿರಲಿ, ಬುದ್ಧಿ ಬರಲಿ. ಯಾರಾದರೂ ಕಟ್ಟು ಮುಟ್ಟೀರಿ ಜೋಕೆ" ಅಂದಳು.

ಮೊಳೆರಾಯ ಅಲ್ಲಿಂದ ನೇರ ನಾದಿನಿಯ ಮನೆಗೆ ನಡೆದ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವನು ತಂತಿಯ ಈಚೆ ನಿಂತ.

"ಉಗಿದೆ" ಅಂದ.

ಅವಳು ಹಸಿ ಬಟ್ಟೆಯ ಮೇಲಿಂದ ನೋಡಿದಳು. "ಎಷ್ಟು?"

"ಏಳೂ. ಅವರ ನೆಲದ ಮೇಲೇ."

ಅವಳು ಬಕೆಟ್ಟಿನಿಂದ ಒಂದು ಹೊದಿಕೆ ಎತ್ತಿ ಅದರ ಒಂದು ಕೊನೆಯನ್ನು ಅವನ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ, ಹಿಂಡಬೇಕು" ಅಂದಳು. ಇಬ್ಬರೂ ಹಿಂಡಿದರು. ಹಿಂಡುವಾಗ ಅವಳು ಅಳುತ್ತಿದ್ದಳು. ಅವನೂ ಅಳುತ್ತಿದ್ದ.

ಮದುವೆ ನಡೆಯಿತು. ಬೀಗಿತ್ತಿ ಕೊನೆಗೂ ಮನಸಾರೆ ಒಪ್ಪಿದಳೆಂದು ಸುಳ್ಳು ಹೇಳುವುದಿಲ್ಲ. ಮಗ ಪಟ್ಟು ಬಿಡಲಿಲ್ಲ, ಅಜ್ಜಿ ದಿನಾ ಬೆಳಿಗ್ಗೆ ಗೋಡೆ ನೋಡಿ "ನನ್ನ ಅಮ್ಮನವರು ಎಲ್ಲೋ" ಎಂದು ರಾಗ ತೆಗೆಯುವುದನ್ನು ನಿಲ್ಲಿಸಲಿಲ್ಲ, ಬೇರೆ ದಾರಿ ಇರಲಿಲ್ಲ. ವೇದಿಕೆಯ ಮೇಲೆ ಅವಳು ಮುಖ ಊದಿಸಿಕೊಂಡೇ ಕೂತಳು. ಈ ಕಡೆ, ಮೊಳೆರಾಯನ ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಕೂದಲನ್ನು ಎತ್ತಿ ಕಟ್ಟಿದ್ದಳು, ಕಿವಿ ಕತ್ತು ಎಲ್ಲ ಕಾಣುವ ಹಾಗೆ. ನಾಲ್ಕು ಜನ ನಾಲ್ಕು ಮಾತಾಡಿದರು. ಊಟಕ್ಕೆ ಕರೆದಾಗ ಮಾತು ಬಿಟ್ಟು ಊಟಕ್ಕೆ ಹೋದರು.

ಫೋಟೋದವನು ಕ್ಯಾಮೆರಾ ಕಣ್ಣಿಗಿಟ್ಟು, ಕೆಳಗಿಳಿಸಿ, ಬಹಳ ಮರ್ಯಾದೆಯಿಂದ, "ಅಮ್ಮಾ, ಮುಖ ಸ್ವಲ್ಪ ಆ ಕಡೆ ತಿರುಗಿಸ್ತೀರಾ?" ಅಂದ. ಮೊಳೆರಾಯ ಬಾಯಿ ತೆರೆದ. ಅವಳು ಅವನ ಮೊಣಕೈ ಒತ್ತಿ ಸುಮ್ಮನಿರಿಸಿ, ಸುಟ್ಟ ಕೆನ್ನೆಯನ್ನು ನೇರ ಕ್ಯಾಮೆರಾದ ಕಡೆಗೆ ತಿರುಗಿಸಿದಳು. "ಈ ಕಡೆಯಿಂದ ತೆಗಿಯಪ್ಪ. ಬೆಳಕು ಇಲ್ಲೇ ಚೆನ್ನಾಗಿ ಬೀಳ್ತಿದೆ" ಅಂದಳು.

ಮಾರನೇ ದಿನ ಮೊಳೆರಾಯ ಮಾತಿನಂತೆ ಬೀಗರ ಮನೆಗೆ ಹೋಗಿ ರಟ್ಟು ಬದಲಾಯಿಸಿದ. ಲಕ್ಷ್ಮಿ ಹೊರಗೆ ಬಂದಳು. ಅಜ್ಜಿ ಕೈ ಮುಗಿದಳು. ಬೀಗಿತ್ತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ, ಕಾಫಿ ಮಾತ್ರ ಕಳಿಸಿದಳು. ಈ ಸಲ ಮೊಳೆರಾಯ ಕುಡಿದ.

ಮಗಳ ಮದುವೆಯ ವೇದಿಕೆಯಲ್ಲಿ ಅವರಿಬ್ಬರೂ ಕೂತ ಫೋಟೋ ಬಂದ ದಿನ ಅವನು ಮೊದಲ ಬಾರಿಗೆ ಮೊಳೆಗಳನ್ನು ಒಂದು ತಗಡಿನ ಡಬ್ಬಿಗೆ ಸುರಿದುಕೊಂಡು ಕೆಲಸಕ್ಕೆ ಕೂತ. ಪ್ರತಿ ಮೊಳೆಗೂ ಕೈ ಚಾಚಬೇಕು. ಎರಡರಷ್ಟು ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಕಟ್ಟು ಮುಗಿಸಿ ಅದನ್ನು ಬೀದಿಗೆ ಕಾಣುವ ಹಾಗೆ ಅಂಗಡಿಯ ಮುಂದೆಯೇ ತೂಗುಹಾಕಿದ. ಮೊದಲು ಬಂದ ಗಿರಾಕಿ ಅದನ್ನೇ ದಿಟ್ಟಿಸಿ, "ಯಾರು ಇವರು, ಮುಖಕ್ಕೆ ಏನಾಗಿದೆ?" ಎಂದು ಕೇಳಿದ.

"ನನ್ನ ಹೆಂಡತಿ" ಅಂದ ಮೊಳೆರಾಯ. "ಆಸ್ಪತ್ರೇಲಿ ನಿಮ್ಮಂಥೋರ ಹಾಸಿಗೆ ಬಟ್ಟೆ ಒಗೀವಾಗ ಸುಟ್ಟಿದ್ದು. ಇನ್ನೇನಾದ್ರೂ ಕೇಳೋದಿದೆಯಾ?" ಗಿರಾಕಿ ಇಲ್ಲ ಅಂದ. ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಇಣುಕಿ ನೋಡಿ, ಮತ್ತೆ ತುಳಿಯತೊಡಗಿದ.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಅಂಗಡಿಯ ಹೊರಗೇ ನಿಂತು, ಒಂದು ಕಣ್ಣು ಮುಚ್ಚಿ, ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಗೆರೆ ಹೇಗಿದೆ?" ಎಂದು ಕೇಳಿದ ಅವನು.

"ಸ್ವಲ್ಪ ನನ್ನ ಕಡೆ ವಾಲಿದೆ."

"ಗೊತ್ತು" ಅಂದ ಮೊಳೆರಾಯ. "ವಾಲಲಿ ಅಂತಲೇ ಹಾಕಿದ್ದು."